ಹಸುವಿನ ಅಂಡ ಮತ್ತು ಬೆದೆಯ ವೇಳೆ



ಹೆಣ್ಣುಕರು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಸಾವಿರಾರು ಅಂಡಗಳಿರುತ್ತವೆ. ಪ್ರತಿಯೊಂದೂ ಒಂದು ನೀರ್ಗುಳ್ಳೆಯೊಳಗೆ ಬೆಳೆಯಬೇಕು. ಸುಮಾರು 21 ದಿನಗಳ ಸುತ್ತಿನಲ್ಲಿ ಎರಡು ಇಲ್ಲವೆ ಮೂರು ಸಲ ಗುಳ್ಳೆಗಳ ಗುಂಪು ಮೇಲೇಳುತ್ತದೆ. ಕೊನೆಯ ಗುಂಪಿನಲ್ಲಿ ಸಣ್ಣ ಬೋರೆಹಣ್ಣಿನಷ್ಟಾದ ಒಂದು ಗುಳ್ಳೆ ಮಾತ್ರ ಒಡೆಯುತ್ತದೆ, ಮಿಕ್ಕವೆಲ್ಲ ಬತ್ತಿಹೋಗುತ್ತವೆ. ಆ ದೊಡ್ಡ ಗುಳ್ಳೆಯ ರಸದಿಂದಲೇ ಹಸು ಬೆದೆಗೆ ಬರುವುದು.

ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆ. ಅದು ಮುಗಿದು 10-12 ಗಂಟೆಯ ಮೇಲೆ ಅಂಡ ಹೊರಬೀಳುತ್ತದೆ. ಅದರ ಆಯುಸ್ಸು ಕೆಲವೇ ಗಂಟೆ. ಆದ್ದರಿಂದ ಬೆಳಿಗ್ಗೆ ಕೂಗಿ ಲೋಳೆ ಹಾಕಿದ ಹಸುವಿಗೆ ಅದೇ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿರಿ. ನೆಲದ ಬೆದೆ ಆರುವ ತನಕ ಯಾರೂ ಕಾಯುವುದಿಲ್ಲ. ಹಸುವಿನದಾದರೆ ಮಾತ್ರ ‘ಸಂತೆ ಮುಗಿಯಲಿ’ ಎನ್ನುತ್ತೇವೆ! ತಪ್ಪಿದರೆ ಮೂರು ವಾರದ ಮೇವು ದಂಡ.

ಬತ್ತಿಹೋಗುವ ಗುಳ್ಳೆಗಳ ಅಂಡವನ್ನೂ ಈಗ ಉಳಿಸಬಹುದು. ಉತ್ತಮ ಹಸುವಿನ ಅಂಡಾಶಯವನ್ನು ಅಲ್ಟ್ರಾಸೌಂಡ್ ಯಂತ್ರದಲ್ಲಿ ನೋಡುತ್ತ, ಪಶುವೈದ್ಯರು ಸೂಜಿಯಿಂದ ಅಂಡಗಳನ್ನು ಹೀರಿ ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಫಲಗೂಡಿಸಿ, ಏಳು ದಿನದ ಭ್ರೂಣವನ್ನು ಬೇರೊಂದು ಹಸುವಿನ ಗರ್ಭಕೋಶಕ್ಕೆ ಸೇರಿಸುತ್ತಾರೆ. ಆ ಹಸುವೂ ಸುಮಾರು ಏಳು ದಿನದ ಹಿಂದೆ ಬೆದೆಗೆ ಬಂದಿರಬೇಕು. ಬೆದೆ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿರಿ.