ತೈಲದ ಬೆಲೆಯೇರಿಕೆ ಮತ್ತು ವಾಹನದ ಆಯ್ಕೆ

ಕೊಚ್ಚಿ ನಗರದ ಎಡಪ್ಪಳ್ಳಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಸ್ಥಳ. ಮಂಗಳೂರು, ಕಾಸರಗೋಡುಗಳನ್ನು ಹಾದು ಬರುವ ಕರಾವಳಿಯ ಹೆದ್ದಾರಿಯೂ ಸೇಲಂ ಕಡೆಯಿಂದ ಬರುವ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. ಬೆಳಗಿನ ಕಚೇರಿಯ ವೇಳೆಯಲ್ಲಿ ಇಲ್ಲಿ ವಾಹನಗಳು ಚಲಿಸುವುದಕ್ಕಿಂತ ನಿಲ್ಲುವುದೇ ಹೆಚ್ಚು. ಆದರೆ ನಿಂತ ವಾಹನವೂ ಪೆಟ್ರೋಲನ್ನು ಕುಡಿಯುತ್ತಲೇ ಇರುತ್ತದೆ. ಅದರ ಹೊಗೆಯನ್ನು ದ್ವಿಚಕ್ರ ವಾಹನದವರೂ ಪಾದಚಾರಿಗಳೂ ಸೇವಿಸುತ್ತಾರೆ. ಅದೇ ರಸ್ತೆಯ ಮೇಲ್ಗಡೆ 2017ರ ಜೂನ್ ತಿಂಗಳಿನಿಂದ ವಿದ್ಯುಚ್ಚಾಲಿತ ಮೆಟ್ರೋ ರೈಲು ಸಾಗುತ್ತಿದೆ.

ತೈಲವು ದುಬಾರಿಯಾದಾಗ ಜನರು ಬೇರೆ ಇಂಧನವನ್ನು ಅರಸುವುದು ಹೊಸ ಸಂಗತಿಯೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದಕ್ಷಿಣ ಕನ್ನಡದ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದುವು. 1973ರ ಅಕ್ಟೋಬರಿನಲ್ಲಿ ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲವು ಕೆಲವೇ ತಿಂಗಳುಗಳಲ್ಲಿ 12 ಡಾಲರಿನ ಸಮೀಪಕ್ಕೆ ಏರಿತು. ಆ ಪೆಟ್ಟನ್ನು ತಿಂದ ಬ್ರೆಜಿಲ್ ದೇಶವು 1975ರಲ್ಲಿ ಕಬ್ಬಿನ ಮದ್ಯಸಾರವನ್ನು ಕಾರಿನ ಇಂಧನವನ್ನಾಗಿ ಬಳಸುವ ಯೋಜನೆಯನ್ನು ಕೈಗೊಂಡಿತು. ಹತ್ತು ವರ್ಷಗಳಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಬಹುಪಾಲು ಮದ್ಯಸಾರದಿಂದ ನಡೆಯುವಂಥವೇ ಆಗಿದ್ದುವು. ಆದರೆ 1986ರಲ್ಲಿ ತೈಲದ ಬೆಲೆ ಕುಸಿಯಿತು. 1989ರ ಹೊತ್ತಿಗೆ ಮದ್ಯಸಾರದ ಅಭಾವವೂ ತಲೆದೋರಿತು. ಸರಕಾರವನ್ನು ನಂಬಿ ಕಾರು ಕೊಂಡವರು ಇಂಧನಕ್ಕಾಗಿ ಸಾಲುಗಟ್ಟಿ ನಿಲ್ಲಬೇಕಾಯಿತು. ಕೇವಲ ಒಂದು ಕಾಲದ ಬೆಲೆಯನ್ನು ನೋಡಿ ಹತ್ತು ವರ್ಷ ಬಾಳುವ ವಸ್ತುವನ್ನು ಕೊಳ್ಳುವುದರ ಅಪಾಯ ಇದು.

ಭಾರತದಲ್ಲಿ ಪರಿಸ್ಥಿತಿ ತುಸು ಭಿನ್ನ. ಇಲ್ಲಿ ಕಚ್ಚಾ ತೈಲದ ಬೆಲೆಗೂ ಬಂಕಿನ ಬೆಲೆಗೂ ನಡುವೆ ತೆರಿಗೆಯೆಂಬ ಅಣೆಕಟ್ಟು ಇದೆ. 2014ರ ನಡುವಿನಿಂದ 2016ರ ಆರಂಭದವರೆಗೆ ಕಚ್ಚಾ ತೈಲವು ನೂರು ಡಾಲರಿಗೂ ಮೇಲಿನಿಂದ ಮೂವತ್ತು ಡಾಲರಿಗೂ ಕೆಳಗೆ ಇಳಿದರೂ, ಕೇಂದ್ರ ಸರಕಾರವು ಅಬಕಾರಿ ಸುಂಕವನ್ನು ಒಂಬತ್ತು ಬಾರಿ ಏರಿಸಿದ್ದರಿಂದ ಬಂಕಿನಲ್ಲಿ ಇಳಿಕೆ ಅಲ್ಪವೇ ಆಯಿತು. 2021ರಲ್ಲಿ ಕೇರಳದಲ್ಲಿ ಪೆಟ್ರೋಲು ಲೀಟರಿಗೆ 100 ರೂಪಾಯಿಯ ಗಡಿಯನ್ನು ದಾಟಿತು. ಗ್ರಾಹಕನಿಗೆ ಇದು ಹೊರೆಯೇ ಸರಿ. ಆದರೆ ವಿದ್ಯುತ್ ವಾಹನದ ಮಾರಾಟಗಾರನಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇರೆ ಬೇಕಿಲ್ಲ.

ಈ ಕ್ಷೇತ್ರದಲ್ಲಿ ಬೆಂಗಳೂರಿಗೆ ಒಂದು ಹಿರಿತನವಿದೆ. ಚೇತನ್ ಮೈನಿಯವರ ‘ರೇವಾ’ ವಿದ್ಯುತ್ ಕಾರು 2001ರಲ್ಲಿಯೇ ಅಲ್ಲಿ ಮಾರುಕಟ್ಟೆಗೆ ಬಂದಿತು. ವಿಚಿತ್ರವೆಂದರೆ ಅದು ತನ್ನ ಊರಿಗಿಂತ ಲಂಡನ್ನಿನಲ್ಲಿ ಹೆಚ್ಚು ಹೆಸರಾಯಿತು. ಅಲ್ಲಿ 2003ರಿಂದ ನಗರದ ಮಧ್ಯಭಾಗವನ್ನು ಪ್ರವೇಶಿಸುವ ಕಾರುಗಳಿಗೆ ದಿನದ ಶುಲ್ಕವನ್ನು ವಿಧಿಸಿ, ವಿದ್ಯುತ್ ಕಾರುಗಳಿಗೆ ವಿನಾಯಿತಿಯನ್ನು ನೀಡಲಾಗಿತ್ತು. ಕರ್ನಾಟಕವು 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯವಾಯಿತು. ಕೇರಳದ ನೀತಿ 2019ರಲ್ಲಿ ಬಂದಿತು. ಆದರೆ ಜಲಮಾರ್ಗದಲ್ಲಿ ಕೇರಳವೇ ಮುಂದು. ವೈಕಂ ಮತ್ತು ತವಣಕ್ಕಡವುಗಳ ನಡುವೆ 75 ಪ್ರಯಾಣಿಕರ ‘ಆದಿತ್ಯ’ ಎಂಬ ಸೌರ ದೋಣಿ 2017ರಲ್ಲಿ ಸಂಚಾರವನ್ನು ಆರಂಭಿಸಿತು. 2023ರ ಏಪ್ರಿಲಿನಲ್ಲಿ ಕೊಚ್ಚಿಯ ಜಲ ಮೆಟ್ರೋ ಉದ್ಘಾಟನೆಗೊಂಡಿತು.

ಇನ್ನು ಮನೆಯ ಲೆಕ್ಕ. ಎಡಪ್ಪಳ್ಳಿಯಲ್ಲಿ ನೆಲೆಸಿದ ಕುಟುಂಬವೊಂದು ಸ್ಕೂಟರ್ ಕೊಳ್ಳಲು ಯೋಚಿಸುತ್ತಿದೆ ಎಂದಿಟ್ಟುಕೊಳ್ಳಬಹುದು. ಪೆಟ್ರೋಲಿಗೆ 105 ರೂಪಾಯಿ, ಲೀಟರಿಗೆ 45 ಕಿಲೋಮೀಟರ್ ಎಂದು ಹಿಡಿದರೆ ಕಿಲೋಮೀಟರಿಗೆ 2 ರೂಪಾಯಿ 33 ಪೈಸೆ. ವಿದ್ಯುತ್ ಸ್ಕೂಟರು ನೂರು ಕಿಲೋಮೀಟರಿಗೆ ಮೂರೂವರೆ ಯೂನಿಟ್ ಬಳಸಿದರೆ, ಯೂನಿಟ್ಟಿಗೆ 8 ರೂಪಾಯಿಯಂತೆ ಕಿಲೋಮೀಟರಿಗೆ 28 ಪೈಸೆ. ಉಳಿತಾಯ ಸುಮಾರು ಎರಡು ರೂಪಾಯಿ. ಕೊಳ್ಳುವ ಬೆಲೆಯಲ್ಲಿನ ವ್ಯತ್ಯಾಸ 30,000 ರೂಪಾಯಿ ಎಂದೂ, ಅದನ್ನು ಶೇಕಡಾ 10ರ ಬಡ್ಡಿಗೆ ಸಾಲ ಪಡೆದರೆಂದೂ ಭಾವಿಸಿದರೆ, ವರ್ಷಕ್ಕೆ 300 ದಿನ, ದಿನಕ್ಕೆ 30 ಕಿಲೋಮೀಟರ್ ಓಡಿಸುವವನು 18,000 ರೂಪಾಯಿ ಉಳಿಸಿ ಎರಡು ವರ್ಷದೊಳಗೆ ಸಾಲದಿಂದ ಮುಕ್ತನಾಗುತ್ತಾನೆ. ಆದರೆ ದಿನಕ್ಕೆ 8 ಕಿಲೋಮೀಟರ್ ಮಾತ್ರ ಓಡಿಸುವವನ ಉಳಿತಾಯ 4,800 ರೂಪಾಯಿ. ಅದರಲ್ಲಿ ಮೊದಲ ವರ್ಷವೇ 3,000 ಬಡ್ಡಿಗೆ ಹೋಗುತ್ತದೆ. ಅವನ ಸಾಲ ತೀರಲು ಹತ್ತು ವರ್ಷ ಬೇಕು. ಪೆಟ್ರೋಲು 140ಕ್ಕೆ ಏರಿದರೆ ಆರು ವರ್ಷ ಸಾಕು. 70ಕ್ಕೆ ಇಳಿದರೆ ಉಳಿತಾಯವು ಬಡ್ಡಿಯನ್ನು ಮಾತ್ರ ತೀರಿಸಿ, ಅಸಲು ಹಾಗೆಯೇ ನಿಲ್ಲುತ್ತದೆ. ನೆರೆಮನೆಯವರು ಕೊಂಡರೆಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಆಟೋರಿಕ್ಷಾ ಓಡಿಸುವವನ ವಿಷಯ ಇನ್ನೂ ಗಂಭೀರ. ಅವನು ದಿನಕ್ಕೆ ನೂರು ಕಿಲೋಮೀಟರ್ ಓಡಿಸುವುದುಂಟಾದ್ದರಿಂದ ಬದಲಾವಣೆಯ ಲಾಭ ಮೊದಲು ದೊರೆಯಬೇಕಾದದ್ದು ಅವನಿಗೇ. ಕೆಲವರು ನೈಸರ್ಗಿಕ ಅನಿಲವನ್ನು ಆರಿಸಿಕೊಳ್ಳುತ್ತಾರೆ. ಕೊಚ್ಚಿಯ ಪುದುವೈಪಿನ ದ್ರವೀಕೃತ ಅನಿಲ ಕೇಂದ್ರವು 2013ರಿಂದ ಕಾರ್ಯನಿರತವಾಗಿದೆ. ಅಲ್ಲಿಂದ ಮಂಗಳೂರಿಗೆ 450 ಕಿಲೋಮೀಟರುಗಳ ಕೊಳವೆಮಾರ್ಗ 2021ರ ಜನವರಿಯಲ್ಲಿ ಲೋಕಾರ್ಪಣೆಯಾಯಿತು. ಆದರೆ ಈ ಅನಿಲವೂ ಹಡಗಿನಲ್ಲಿಯೇ ಬರುವಂಥದು. 2022ರಲ್ಲಿ ಯುಕ್ರೇನ್ ಯುದ್ಧದಿಂದ ತೈಲವು ಏರಿದಾಗ ಅನಿಲವೂ ಜೊತೆಯಲ್ಲಿಯೇ ಏರಿತು. ವಿದ್ಯುತ್ ಆಟೋವನ್ನು ಕೊಳ್ಳುವವನಾದರೆ, ಸಾಲದ ಅವಧಿಯು ಬ್ಯಾಟರಿಯ ಖಾತರಿಯ ಅವಧಿಗಿಂತ ಉದ್ದವಾಗದಂತೆ ನೋಡಿಕೊಳ್ಳಬೇಕು. ಹಳೆಯ ಬ್ಯಾಟರಿಯ ಕಂತು ಮುಗಿಯುವ ಮೊದಲೇ ಹೊಸದಕ್ಕೆ ಸಾಲ ಮಾಡುವಂತಾದರೆ ಉಳಿತಾಯವೆಲ್ಲವೂ ಅಲ್ಲಿಯೇ ಕರಗುತ್ತದೆ.

ಕೇರಳದಲ್ಲಿ ವಾಸಿಸುವವರು ವಿದ್ಯುತ್ತಿನ ಬಿಲ್ಲನ್ನೂ ಒಮ್ಮೆ ನೋಡಿಕೊಳ್ಳುವುದು ಲೇಸು. ತಿಂಗಳಿಗೆ 250 ಯೂನಿಟ್ ಮೀರಿದರೆ, ಮೀರಿದ ಭಾಗಕ್ಕೆ ಮಾತ್ರವಲ್ಲದೆ ಬಳಸಿದ ಎಲ್ಲ ಯೂನಿಟ್ಟುಗಳಿಗೂ ಒಂದೇ ಹೆಚ್ಚಿನ ದರ ಅನ್ವಯಿಸುತ್ತದೆ. ದಿನಕ್ಕೆ 30 ಕಿಲೋಮೀಟರ್ ಓಡುವ ಸ್ಕೂಟರಿಗೆ ತಿಂಗಳಿಗೆ ಸುಮಾರು 30 ಯೂನಿಟ್ ಬೇಕು. ಈಗಾಗಲೇ 230 ಯೂನಿಟ್ ಬಳಸುವ ಮನೆಯವರು ಸ್ಕೂಟರಿನೊಂದಿಗೆ ಈ ಗೆರೆಯನ್ನೂ ದಾಟುತ್ತಾರೆ.