ಒಂಬತ್ತು ಅಂಕದ ಅಂತರ

ಪ್ರಶ್ನೆ: ಕಿರ್ಗಿಸ್ತಾನದಲ್ಲಿ ಎಂಬಿಬಿಎಸ್ ಮುಗಿಸಿ ದಾವಣಗೆರೆಗೆ ಮರಳಿದ ಓದುಗರು, ವಿದೇಶದಲ್ಲಿ ಓದಿದವರು ಇಲ್ಲಿ ವೈದ್ಯರಾಗಿ ನೋಂದಾಯಿಸಿಕೊಳ್ಳಲು ಪಾಸಾಗಬೇಕಾದ ಎಫ್‌ಎಂಜಿಇ ಪರೀಕ್ಷೆಯನ್ನು ಎರಡು ಸಲ ಬರೆದಿದ್ದಾರೆ. ಮೊದಲು 138, ನಂತರ 141 ಅಂಕ. ನಿದ್ದೆ ಬರುತ್ತಿಲ್ಲ. ಈ ನಡುವೆ ನರ್ಸಿಂಗ್ ಹೋಮ್ ಒಂದು ರಾತ್ರಿ ಪಾಳಿಗೆ ಕರೆಯುತ್ತಿದೆ.

ಉತ್ತರ: ಆ ಪಾಳಿಗೆ ಹೋಗಬೇಡಿ. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸಿದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಈಗ ಪರೀಕ್ಷೆಯ ಮಾತು. 300 ಪ್ರಶ್ನೆಗಳಲ್ಲಿ 150 ಸರಿಯಾದರೆ ಪಾಸು. ನಿಮಗೆ ಬೇಕಿರುವುದು ಒಂಬತ್ತೇ ಅಂಕ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಇಂಥ ಅಂಚಿನಲ್ಲಿ ನಿಂತವರು ಅನಾಟಮಿಯ ಮೊದಲ ಪುಟದಿಂದ ಮತ್ತೆ ಶುರುಮಾಡುತ್ತಾರೆ. ಅದು ದೊಡ್ಡ ತಪ್ಪು. ಅನಾಟಮಿಗೆ 17 ಅಂಕ; ಸಮುದಾಯ ವೈದ್ಯಶಾಸ್ತ್ರಕ್ಕೆ 30, ಪ್ರಸೂತಿ-ಸ್ತ್ರೀರೋಗಕ್ಕೆ 30. ಲಸಿಕೆ ವೇಳಾಪಟ್ಟಿ, ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಗಳು ವಿದೇಶದ ತರಗತಿಯಲ್ಲಿ ಸಿಗುವುದು ಕಡಿಮೆ. ಅಲ್ಲಿಂದಲೇ ಆರಂಭಿಸಿ.

ವಾರಕ್ಕೊಂದು ಪೂರ್ಣ ಅಣಕು ಪರೀಕ್ಷೆ ಬರೆಯಿರಿ: ಬೆಳಿಗ್ಗೆ 150 ಪ್ರಶ್ನೆ, ಮಧ್ಯಾಹ್ನ 150, ತಲಾ ಎರಡೂವರೆ ಗಂಟೆ. ತಪ್ಪಾದ ಪ್ರತಿ ಪ್ರಶ್ನೆಯ ಎದುರು ‘ಗೊತ್ತಿರಲಿಲ್ಲ’, ‘ಮರೆತೆ’, ‘ಸರಿಯಾಗಿ ಓದಲಿಲ್ಲ’ ಎಂದು ಗುರುತು ಹಾಕಿ. ಮೂರನೆಯದೇ ಹೆಚ್ಚಿದ್ದರೆ ಹೊಸ ಕೋಚಿಂಗ್‌ಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ನಿದ್ದೆಗೇಡು ಎರಡು ವಾರ ದಾಟಿದ್ದರೆ ಮನೋವೈದ್ಯರನ್ನು ಕಾಣಿ. ಗುಳಿಗೆಯನ್ನು ನೀವೇ ಬರೆದುಕೊಳ್ಳಬೇಡಿ. ಸಾಯುವ ಯೋಚನೆ ಸುಳಿದರೆ ತಕ್ಷಣ ಮನೆಯವರಿಗೆ ಹೇಳಿ, 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್, ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.