ಗೊಂಬೆಯ ಕಾಲಡಿಯ ನೆಲ: ಉದ್ದೀಪನ ವಿಭಾವಕ್ಕೊಂದು ನಿದರ್ಶನ

ವಿಭಾವವನ್ನು ಆಲಂಕಾರಿಕರು ಎರಡಾಗಿ ವಿಭಾಗಿಸಿದ್ದಾರೆ. ಭಾವಕ್ಕೆ ಆಧಾರವಾದ ಪಾತ್ರ ಆಲಂಬನ. ಅದನ್ನು ಹೆಚ್ಚಿಸುವ ದೇಶ, ಕಾಲ, ಪರಿಸರಗಳು ಉದ್ದೀಪನ. ಈ ಭೇದವನ್ನು ಕಣ್ಣಿಗೆ ಕಾಣಿಸುವ ಕಲೆಯೊಂದುಂಟು: ವಿಜ್ಞಾನಕಥೆಯ ಯುದ್ಧದಾಟಗಳ ಪುಟ್ಟ ಯೋಧರಿಗೆ ಬಣ್ಣ ಹಚ್ಚುವುದು.

1898ರಲ್ಲಿ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯನ್ನು ಪ್ರಕಟಿಸಿದ ಎಚ್. ಜಿ. ವೆಲ್ಸ್‌ನೇ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಗೊಂಬೆಯುದ್ಧದ ನಿಯಮಗ್ರಂಥವನ್ನೂ ರಚಿಸಿದನು. ಇಂದಿನ ಗೊಂಬೆಗಳು ಸಾಮಾನ್ಯವಾಗಿ 28 ಮಿಲಿಮೀಟರ್ ಅಳತೆಯವು. ಮೊದಲು ಪ್ರೈಮರ್, ಅದರ ಮೇಲೆ ಮೂಲವರ್ಣ, ಸಂದುಗಳಿಗೆ ಇಳಿದು ನೆರಳಾಗುವ ತೆಳುಬಣ್ಣ, ಕೊನೆಗೆ ಉಬ್ಬುಗಳನ್ನಷ್ಟೇ ಸವರುವ ಒಣಕುಂಚ. ಇಷ್ಟಕ್ಕೆ ಆಲಂಬನ ಸಿದ್ಧ.

ಕಾಲಡಿಯ ಬಿಲ್ಲೆ ಬರಿದಾಗಿದ್ದರೆ ಆ ಯೋಧನಿಗೆ ಊರಿಲ್ಲ. ಅಂಟಿನ ಮೇಲೆ ಕೆಂಪು ಮರಳನ್ನು ಉದುರಿಸಿದರೆ ಅವನು ಮಂಗಳಗ್ರಹದ ವೀರ. ಅದೇ ಯೋಧನನ್ನು ಸುಲ್ತಾನ್ ಬತ್ತೇರಿಯ ಜೈನ ಬಸದಿಯನ್ನು ಹೋಲುವ ಪಾಚಿಗಟ್ಟಿದ ಕಲ್ಲುಕಂಬಗಳ ನಡುವೆ ನಿಲ್ಲಿಸಿದರೆ? ಟಿಪ್ಪುವು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿದ ಬಸದಿಯದು. ಊರಿನ ಹೆಸರಿಗೂ ಅದೇ ಕಾರಣ. ಪೂಜಾಸ್ಥಾನವೇ ಯುದ್ಧಸ್ಥಾನವಾದುದರ ನೆನಪು ವೀರದೊಡನೆ ಕರುಣವನ್ನೂ ಎಬ್ಬಿಸುತ್ತದೆ. ಯೋಧನಲ್ಲಿ ಕುಂಚದ ಒಂದು ಗೆರೆಯೂ ಬದಲಾಗಿರುವುದಿಲ್ಲ.

ಅಭ್ಯಾಸ: ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಹೆಣಗಳ ನಡುವೆ ರಣಭೂಮಿಯನ್ನು ದಾಟುವ ಸನ್ನಿವೇಶವನ್ನು ಓದಿ, ಆಲಂಬನ ಹಾಗೂ ಉದ್ದೀಪನಗಳನ್ನು ಪ್ರತ್ಯೇಕಿಸಿ ಬರೆಯಿರಿ.